ಎಡೆಗೆ ಇಟ್ಟ ಪಿಯೆರೋಗಿ

ನಮ್ಮ ಅಡುಗೆಮನೆಯಲ್ಲಿ ಯಾವ ಡಬ್ಬಿಯೊಳಗೆ ಏನಿದೆ ಎಂಬುದು ನನಗೆ ತಿಳಿಯತೊಡಗಿದ್ದು ಅರವತ್ತೊಂದನೆಯ ವಯಸ್ಸಿನಲ್ಲಿ. ಸಾಸಿವೆ ಎಂದುಕೊಂಡು ರಾಗಿಕಾಳನ್ನು ಒಗ್ಗರಣೆಗೆ ಹಾಕಿದವನು ನಾನು. ಅದು ಯಾಕೆ ಸಿಡಿಯುತ್ತಿಲ್ಲ ಎಂದು ಎಣ್ಣೆ ಹೊಗೆಯಾಡುವವರೆಗೆ ಕಾದು ನಿಂತವನೂ ನಾನೇ. ಆದ್ದರಿಂದ ಹೋದ ವರ್ಷ ಮಹಾಲಯ ಅಮಾವಾಸ್ಯೆಗೆ ಮೂರು ದಿನ ಮುಂಚೆ, ಎಡೆಯ ಪಾತ್ರೆಗಳನ್ನು ಇಳಿಸಿಕೊಡು ಎಂದು ಅಕ್ಕ ನನ್ನನ್ನು ಸ್ಟೂಲಿನ ಮೇಲೆ ಹತ್ತಿಸಿದಾಗ, ಅಟ್ಟದ ಮೇಲಿದ್ದದ್ದೆಲ್ಲ ಬೇರೆಯವರ ಮನೆಯ ಸಾಮಾನಿನ ಹಾಗೆ ಕಂಡಿತು. ಕಂಚಿನ ತಟ್ಟೆಗೆಂದು ಕೈ ಹಾಕಿದರೆ ಸಿಕ್ಕಿದ್ದು ಹಳೆಯ ಸೀರೆಯ ಚೂರಿನಲ್ಲಿ ಸುತ್ತಿಟ್ಟಿದ್ದ ಒಂದು ಹಿತ್ತಾಳೆಯ ಬಳೆ.

ಕೈಗೆ ಹಾಕುವ ಬಳೆಯಲ್ಲ ಅದು. ಮೂರು ಇಂಚು ಅಗಲ, ಒಂದು ಇಂಚು ಎತ್ತರ. ಒಂದು ಅಂಚು ಚಾಕುವಿನಂತೆ ಹರಿತ, ಇನ್ನೊಂದು ಅಂಚು ಅಂಗೈಗೆ ಒತ್ತದ ಹಾಗೆ ನುಣುಪು. ಅದನ್ನು ಮಾಡಿದವನು ನಾನೇ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಲೋಹ ಕಡೆಯುವ ಲೇತ್ ಮುಂದೆ ನಿಂತ ಟರ್ನರ್ ನಾನು. ಬಿಡುವಿನಲ್ಲಿ ಕಾರ್ಖಾನೆಯ ಕನ್ನಡ ಸಂಘದ ಸ್ಮರಣ ಸಂಚಿಕೆಗೆ ಪ್ರತಿ ರಾಜ್ಯೋತ್ಸವಕ್ಕೂ ಒಂದು ಲೇಖನ ಬರೆಯುತ್ತಿದ್ದೆ. ಅದನ್ನು ಓದುತ್ತಿದ್ದವರು ನಾನು ಮತ್ತು ಅಚ್ಚಿನ ಮೊಳೆ ತಿದ್ದುವವರು, ಇಬ್ಬರೇ. ಹಾಗಾಗಿ ಈ ಬರಹದಲ್ಲಿ ಅಲ್ಲಲ್ಲಿ ದಾರಿ ತಪ್ಪಿದರೆ, ಅದು ನನ್ನ ಹಳೆಯ ರೋಗ ಎಂದು ತಿಳಿದು ಸಹಿಸಿಕೊಳ್ಳಬೇಕು.

ಹಿರಿಯರ ಹಬ್ಬ ನಿಮಗೂ ಗೊತ್ತಿರುವುದೇ. ಆದರೂ ನಮ್ಮೂರು ಮಾಕಳಿಯ ಕ್ರಮವನ್ನು ಒಂದು ಸಲ ಹೇಳಿಬಿಡುತ್ತೇನೆ. ಹೋದವರ ಹೆಸರಿನಲ್ಲಿ ಎಲೆ ಹಾಕಿ, ಬದುಕಿದ್ದಾಗ ಅವರಿಗೆ ಏನು ಇಷ್ಟವಿತ್ತೋ ಅದನ್ನು ಬಡಿಸಬೇಕು. ಅಡುಗೆ ಮಾಡುವವರು ರುಚಿ ನೋಡುವಂತಿಲ್ಲ. ಧೂಪ ಹಾಕಿದ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳಬೇಕು. ಅವರು ಬಂದು ಉಂಡು ಹೋಗುವಷ್ಟು ಹೊತ್ತು ಬಿಟ್ಟು, ಕೆಮ್ಮಿ ಸುಳಿವು ಕೊಟ್ಟು ಒಳಗೆ ಹೋಗಬೇಕು. ನಮ್ಮ ಅಪ್ಪನ ಎಡೆಗೆ ಒಂದು ಕ್ವಾರ್ಟರ್ ಬ್ರಾಂದಿ, ಒಂದು ಕಟ್ಟು ಬೀಡಿ, ನಾಟಿಕೋಳಿ ಸಾರು. ಅವ್ವನ ಎಡೆಗೆ ಕಡ್ಲೆಪುರಿ, ಹುರಿದ ಅವರೆಕಾಳು, ಎಲೆಅಡಿಕೆ. ಇದೆಲ್ಲ ನನ್ನ ಅಕ್ಕನಿಗೆ ಬಾಯಿಪಾಠ. ನೆಲಮಂಗಲದ ಆಚೆಯ ಹಳ್ಳಿಯಿಂದ ಪ್ರತಿ ವರ್ಷ ಹಬ್ಬಕ್ಕೆ ಬಂದು, ಅವಳೂ ನನ್ನ ಹೆಂಡತಿ ಸರೋಜಳೂ ಸೇರಿ ಅಡುಗೆ ಮಾಡುತ್ತಿದ್ದರು. ಹೋದ ವರ್ಷ ಅಕ್ಕ ಒಬ್ಬಳೇ ಇದ್ದಳು. ಸರೋಜ ಮಾಘದಲ್ಲಿ ಜ್ವರ ಎಂದು ಮಲಗಿದವಳು ಏಳಲಿಲ್ಲ. ನಮಗೆ ಮಕ್ಕಳಿಲ್ಲ.

ಬೆಳಿಗ್ಗೆಯೇ ಅಕ್ಕ ಚೀಲ ಹಿಡಿದು ನಿಂತು ಕೇಳಿದ್ದಳು.

"ಸರೋಜಂಗೆ ಏನಿಷ್ಟ ಏಳ್ಲಾ ಮುನಿ. ಸಾಮಾನು ತರ್ಬೇಕು."

"ಅವಳು ಎಲ್ಲಾನೂ ತಿಂತಿದ್ಲಲ್ಲಕ್ಕ."

"ಎಲ್ಲಾನೂ ಎಲ್ರೂ ತಿಂತಾರೆ. ಇಷ್ಟ ಯಾವ್ದು ಅಂತ ನಾನ್ ಕೇಳಿದ್ದು."

"ಮುದ್ದೆ, ಬಸ್ಸಾರು..."

"ಅದು ನಿಂಗಿಷ್ಟ."

"ಮೀನ್ ಸಾರು?"

"ಅದೂ ನಿಂಗೇ."

ಅಷ್ಟಕ್ಕೆ ನನ್ನ ಪಟ್ಟಿ ಮುಗಿದಿತ್ತು. ಮೂವತ್ತೆರಡು ವರ್ಷ ಒಂದೇ ಸೂರಿನಡಿ ಬಾಳಿದವಳಿಗೆ ಯಾವ ತಿಂಡಿ ಇಷ್ಟ ಎಂದು ನನಗೆ ಗೊತ್ತಿರಲಿಲ್ಲ. ಅವಳ ಚಪ್ಪಲಿಯ ಅಳತೆ ಗೊತ್ತಿತ್ತು. ರೇಷನ್ ಕಾರ್ಡಿನಲ್ಲಿ ಅವಳ ಹುಟ್ಟಿದ ವರ್ಷ ತಪ್ಪಾಗಿದೆ ಎಂಬುದೂ ಗೊತ್ತಿತ್ತು. ಅವಳು ಉಣ್ಣುವುದನ್ನು ಮಾತ್ರ ನಾನು ನೋಡಿರಲಿಲ್ಲ. ನಾನು ಉಂಡು ಕೈತೊಳೆದು ಟಿ.ವಿ. ಮುಂದೆ ಕೂತ ಮೇಲೆ ಅಡುಗೆಮನೆಯಲ್ಲಿ ಅವಳ ಊಟ ನಡೆಯುತ್ತಿತ್ತು. ಪಾತ್ರೆಯ ಸದ್ದಿನಿಂದ ಶುರುವಾಗಿ ಪಾತ್ರೆಯ ಸದ್ದಿನಲ್ಲೇ ಅದು ಮುಗಿಯುತ್ತಿತ್ತು. ನಡುವೆ ನಾನು ಕೂತಲ್ಲಿಂದಲೇ ನೀರಿಗೆ ಕರೆದರೆ ಎದ್ದು ತಂದು ಕೊಡುತ್ತಿದ್ದಳು. ಅಕ್ಕ ಚೀಲವನ್ನು ಮೊಳೆಗೆ ಸಿಕ್ಕಿಸಿದಳು. ನನಗೆ ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಆ ಹಿತ್ತಾಳೆಯ ಬಳೆ ಕೈಗೆ ಸಿಕ್ಕಿದ್ದು ಅದೇ ದಿನ ಮಧ್ಯಾಹ್ನ. ಸ್ಟೂಲಿನ ಮೇಲೆಯೇ ನಿಂತುಬಿಟ್ಟೆ.

ಆರೇಳು ವರ್ಷದ ಹಿಂದೆ ನಮ್ಮ ಕಾರ್ಖಾನೆಗೆ ಪೋಲೆಂಡಿನಿಂದ ಒಂದು ದೊಡ್ಡ ಗ್ರೈಂಡಿಂಗ್ ಮೆಷೀನು ಬಂದಿತ್ತು. ಅದನ್ನು ಕೂರಿಸಿ, ಓಡಿಸಿ, ನಮಗೆ ಕಲಿಸಿಕೊಟ್ಟು ಹೋಗಲು ಜೊತೆಗೊಬ್ಬ ಫಿಟ್ಟರ್ ಬಂದ. ಮಾರೆಕ್ ಎಂದು ಅವನ ಹೆಸರು. ಐವತ್ತರ ಆಸುಪಾಸಿನ, ಬಾಗಿಲಲ್ಲಿ ಬಗ್ಗಿ ಬರಬೇಕಾದಷ್ಟು ಎತ್ತರದ ಮನುಷ್ಯ. ನಮ್ಮ ಹುಡುಗರು ಮೂರನೆಯ ದಿನಕ್ಕೇ ಅವನನ್ನು ಮಾರಣ್ಣನನ್ನಾಗಿ ಮಾಡಿದರು. ನಮ್ಮ ಮನೆಯ ಮೇಲಂತಸ್ತನ್ನು ಕಾರ್ಖಾನೆಯವರೇ ಅತಿಥಿಗಳಿಗೆಂದು ಬಾಡಿಗೆಗೆ ಹಿಡಿದಿದ್ದರಿಂದ ಅವನ ವಾಸ ಅಲ್ಲೇ ಆಯಿತು. ಊಟ ಸರೋಜಳ ಕೈಯಿಂದ. ನಾಲ್ಕು ತಿಂಗಳು ಇದ್ದ.

ಮೊದಲ ವಾರ ಅವನು ಊಟ ಮಾಡಿದ್ದನ್ನು ಊಟ ಅನ್ನುವ ಹಾಗಿಲ್ಲ. ಒಂದು ತುತ್ತು ಬಾಯಿಗಿಡುವುದು, ಕಣ್ಣೀರು ಒರೆಸಿಕೊಳ್ಳುವುದು, "ಗುಡ್, ಗುಡ್" ಅನ್ನುವುದು. ಸರೋಜ ಬಾಗಿಲ ಮರೆಯಿಂದ ನೋಡಿ, "ಪಾಪ, ಆ ಯಪ್ಪನ ಮುಖ ನೋಡ್ರೀ, ಟೊಮೆಟೊ ಹಣ್ಣಾಗೈತೆ" ಎಂದಳು. ಮರುದಿನದಿಂದ ಸಾರಿಗೆ ಖಾರದ ಪುಡಿ ಹಾಕುವ ಮೊದಲೇ ಒಂದು ಚಿಕ್ಕ ಪಾತ್ರೆಗೆ ಅವನ ಪಾಲನ್ನು ತೆಗೆದಿಡತೊಡಗಿದಳು. ನಾನು ಅದನ್ನು ನೋಡಿ ನಕ್ಕಿದ್ದೆ. ಖಾರವಿಲ್ಲದ ಸಾರು ಗಂಡಸು ತಿನ್ನುವಂಥದ್ದಲ್ಲ ಎಂದು ನನ್ನ ಸಿದ್ಧಾಂತ. ಇಂಥ ಸಿದ್ಧಾಂತಗಳು ನನ್ನ ಬಳಿ ಬಹಳ ಇದ್ದವು.

ಸಂಜೆ ಶಿಫ್ಟ್ ಮುಗಿಸಿ ಬಂದು ನಾವಿಬ್ಬರೂ ತಾರಸಿಯ ಮೇಲೆ ಕೂರುತ್ತಿದ್ದೆವು. ಇಬ್ಬರ ಇಂಗ್ಲಿಷೂ ಒಂದೇ ಸ್ಕ್ರ್ಯಾಪ್ ಬುಟ್ಟಿಯಿಂದ ಆರಿಸಿ ತಂದದ್ದು. ಉಳಿದದ್ದನ್ನು ಕೈಗಳು ಆಡುತ್ತಿದ್ದವು. ಕೆಳಗೆ ತುಮಕೂರು ರಸ್ತೆಯ ಲಾರಿಗಳು. ಅವನಿಗೆ ಮಾತಿಗೆ ಸಿಗುತ್ತಿದ್ದ ವಿಷಯ ಒಂದೇ, ಅವನ ಊರಿನ ಊಟ. ಮನೆ ಬಿಟ್ಟು ಬಂದವರಿಗೆ ಹೊಟ್ಟೆಯ ನೆನಪೇ ಮೊದಲು ಎದ್ದು ಕೂರುತ್ತದೆ ಎಂದು ಕಾಣುತ್ತದೆ. ಟಿ. ದಾಸರಹಳ್ಳಿಯ ಬಾಡಿಗೆ ರೂಮುಗಳಲ್ಲಿದ್ದ ನಮ್ಮ ವಿಜಯಪುರದ ಹುಡುಗರೂ ಹೀಗೆಯೇ. ನಾಲ್ಕು ಜನ ಸೇರಿದರೆ ರೊಟ್ಟಿಯ ಮಾತು, ಶೇಂಗಾ ಚಟ್ನಿಯ ಮಾತು, ಬೆಂಗಳೂರಿನ ಜೋಳದ ಹಿಟ್ಟಿನ ಮೇಲೆ ದೂರು.

ಅವನು ಹೇಳುತ್ತಿದ್ದ ಒಂದು ಹುಳಿ ಗಂಜಿಯ ವಿಷಯ ಕೇಳಿ ಸರೋಜ ಬಟ್ಟೆ ತೆಗೆಯುವುದನ್ನು ಬಿಟ್ಟು ನಿಂತಿದ್ದಳು. ರೈ ಎಂಬ ಧಾನ್ಯದ ಹಿಟ್ಟನ್ನು ನೀರಿನಲ್ಲಿ ಕಲಸಿ, ನಾಲ್ಕೈದು ದಿನ ಹುಳಿ ಬರಲು ಬಿಟ್ಟು, ಆ ನೀರಿನಲ್ಲಿ ಕುದಿಸುವ ಗಂಜಿಯಂತೆ. ಬಡವರು ಹೊಟ್ಟೆಗಿಲ್ಲದೆ ಕುಡಿಯುತ್ತಿದ್ದದ್ದು ಈಗ ಅವರ ದೊಡ್ಡ ಹಬ್ಬದ ಅಡುಗೆಯಾಗಿದೆಯಂತೆ. "ನಮ್ಮಜ್ಜಿ ಮಾಡ್ತಿದ್ದ ಅಂಬಲಿನೇ ಅಲ್ವೇನ್ರೀ ಇದು? ಅವ್ರ ದೇಸಕ್ಕೆ ಯಾರ್ ಏಳ್ಕೊಟ್ರು?" ಎಂದು ನನ್ನನ್ನು ಕೇಳಿದಳು. ಯಾರೂ ಹೇಳಿಕೊಟ್ಟಿರಲಾರರು. ಹಿಟ್ಟು, ನೀರು, ಹಸಿವು ಮೂರೂ ಒಂದು ಕಡೆ ಸೇರಿದರೆ ಉಳಿದದ್ದು ತಾನಾಗಿ ಆಗುತ್ತದೆ.

ಯಾವ ತಿಂಡಿ ಯಾವ ದೇಶದ್ದು ಎಂದು ಹುಡುಕುತ್ತ ಹೋದರೆ ಯಾವುದೂ ಎಲ್ಲಿಯದೂ ಅಲ್ಲ ಎಂದು ಆಗುತ್ತದೆ. ಆಲೂಗಡ್ಡೆಯಿಲ್ಲದೆ ಅವರ ಅಡುಗೆಯಿಲ್ಲ, ಅದು ಬಂದದ್ದು ಕಡಲಾಚೆಯ ಅಮೆರಿಕದಿಂದ. ಇಟಲಿಯವರು ಹೆಮ್ಮೆಪಡುವ ಟೊಮೆಟೊ ಕೂಡ ಅಲ್ಲಿಂದಲೇ. ಹಿಂದೆ ಇಟಲಿಯಿಂದ ಮದುವೆಯಾಗಿ ಬಂದ ಒಬ್ಬ ರಾಣಿ, ಪೋಲೆಂಡಿನ ಊಟ ಸೇರದೆ, ತವರಿನ ತರಕಾರಿ ತರಿಸಿ ಬೆಳೆಸಿದಳು ಎಂದು ಅವರಲ್ಲಿ ಕತೆಯಿದೆ. ಇವತ್ತಿಗೂ ಸಾರಿಗೆ ಹಾಕುವ ಗಜ್ಜರಿ, ಸೊಪ್ಪುಗಳ ಕಂತೆಗೆ ಅವರ ಭಾಷೆಯಲ್ಲಿ 'ಇಟಲಿಯದ್ದು' ಎಂದೇ ಹೆಸರಂತೆ. ನಾವು ಸೀಮೆಬದನೆ, ಸೀಮೆಹುಣಸೆ ಅನ್ನುವುದಿಲ್ಲವೇ, ಹಾಗೆ. ಖಾರದ ಜಂಬ ಕೊಚ್ಚುವ ನನಗೆ ಅವನು ಇನ್ನೊಂದು ಮಾತು ಹೇಳಿ ಬಾಯಿ ಕಟ್ಟಿಸಿದ. ಮೆಣಸಿನಕಾಯಿಯೂ ನಮ್ಮದಲ್ಲವಂತೆ, ಆಲೂಗಡ್ಡೆಯ ಜೊತೆಗೇ ಹಡಗು ಹತ್ತಿ ಬಂದದ್ದಂತೆ. ನಮ್ಮಿಂದ ಅವರ ಅಡುಗೆಗೆ ಹೋದದ್ದು ಕಾಳುಮೆಣಸು. ಅಂದರೆ ಅವನ ತಟ್ಟೆಯಲ್ಲಿ ನಮ್ಮ ಖಾರ, ನನ್ನ ತಟ್ಟೆಯಲ್ಲಿ ಯಾರದೋ ಖಾರ.

ಅವನ ಪ್ರಾಣವಿದ್ದದ್ದು ಪಿಯೆರೋಗಿಯಲ್ಲಿ. ಮೈದಾದ ತೆಳು ಹಾಳೆಯೊಳಗೆ ಹೂರಣವಿಟ್ಟು ಅರ್ಧಚಂದ್ರಕ್ಕೆ ಮಡಚಿ, ಕುದಿಯುವ ನೀರಿಗೆ ಬಿಟ್ಟು ಬೇಯಿಸುವ ಕಡುಬು. ಆಲೂಗಡ್ಡೆ, ಗಿಣ್ಣಿನಂಥ ಹಸಿ ಚೀಸು, ಹುರಿದ ಈರುಳ್ಳಿ, ಕಾಳುಮೆಣಸಿನ ಪುಡಿ, ಇಷ್ಟೇ ಹೂರಣ. ಆ ಬಗೆಗೆ ಒಂದು ಹಳೆಯ ಸೀಮೆಯ ಹೆಸರಿದೆ. ಆ ಸೀಮೆಯಿಂದಲೇ ಅವನ ಅಜ್ಜಿ ಬಂದದ್ದು. ಮಹಾಯುದ್ಧ ಮುಗಿದ ಮೇಲೆ ದೊಡ್ಡವರು ಕೂತು ನಕ್ಷೆಯ ಮೇಲೆ ಗೆರೆ ಎಳೆದಾಗ ಅಜ್ಜಿಯ ಊರು ಇದ್ದಲ್ಲೇ ಇತ್ತು, ದೇಶ ಮಾತ್ರ ಪಕ್ಕಕ್ಕೆ ಸರಿದಿತ್ತು. ಊರವರನ್ನೆಲ್ಲ ಗೂಡ್ಸ್ ರೈಲಿಗೆ ತುಂಬಿ ನೂರಾರು ಮೈಲಿ ಪಡುವಣಕ್ಕೆ ತಂದು, ಯಾರೋ ಬಿಟ್ಟು ಹೋದ ಮನೆಗಳಲ್ಲಿ ಇಳಿಸಿದರಂತೆ. ಅಜ್ಜಿಯ ಜೊತೆ ಬಂದದ್ದು ಒಂದು ಹಸು, ಒಂದು ಹಿಟ್ಟು ನಾದುವ ಮರದ ಹಲಗೆ, ಮತ್ತು ಈ ಕಡುಬು. ಈಗ ಆ ಹೆಸರು ಬೇರೊಂದು ದೇಶದ ಹೆಸರಿನ ಹಾಗೆ ಕೇಳುತ್ತದೆಂದು, ಅದು ಸರಿಯೋ ತಪ್ಪೋ ಎಂದು ಅಲ್ಲಿನ ಹೋಟೆಲುಗಳಲ್ಲಿ ಜಗಳವಂತೆ. ಅಜ್ಜಿ ಇದ್ದಿದ್ದರೆ, ತಣ್ಣಗಾಗುವ ಮುಂಚೆ ತಿನ್ನಿ ಅನ್ನುತ್ತಿದ್ದಳು ಎಂದ ಮಾರೆಕ್. ನನಗೆ ನಮ್ಮ ಮಾಕಳಿ ನೆನಪಾಯಿತು. ನಾವೂ ಇದ್ದಲ್ಲೇ ಇದ್ದೇವೆ. ಬೆಂಗಳೂರು ತಾನಾಗಿ ನಡೆದು ಬಂದು ನಮ್ಮ ರಾಗಿ ಹೊಲದ ಮೇಲೆ ಕೂತಿತು. ಆದರೆ ನಮ್ಮನ್ನು ಯಾರೂ ರೈಲಿಗೆ ಹತ್ತಿಸಲಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಹೊರಡುವ ಮುಂಚಿನ ಭಾನುವಾರ, ನಿಮ್ಮಿಬ್ಬರಿಗೂ ನಾನೇ ಅಡುಗೆ ಮಾಡಿ ಬಡಿಸುತ್ತೇನೆ ಎಂದು ಅವನು ಹಟ ಹಿಡಿದ. ಹಾಳೆಯನ್ನು ದುಂಡಗೆ ಕತ್ತರಿಸಲು ಒಂದು ಲೋಟ ಕೇಳಿದ. ನಮ್ಮ ಸ್ಟೀಲ್ ಲೋಟದ ಅಂಚು ಹೊರಕ್ಕೆ ಸುರುಳಿ ಮಾಡಿದ್ದು. ಹಿಟ್ಟು ಕತ್ತರಿಸದೆ ಜಜ್ಜಿಹೋಗುತ್ತದೆ. ಅದು ನನ್ನ ಕಸುಬಿನ ಮಾತಾಯಿತು. ಶನಿವಾರವೇ ಮೆಷೀನಿನಿಂದ ತೆಗೆದ ಒಂದು ಹಳೆಯ ಹಿತ್ತಾಳೆ ಬುಶ್ಶಿನ ಕೊಳವೆಯನ್ನು ಲೇತ್‌ಗೆ ಹಾಕಿ, ಮೈಕ್ರೋಮೀಟರ್ ಹಿಡಿದು, ವಿಮಾನದ ಬಿಡಿಭಾಗ ಮಾಡುವವನ ಗಾಂಭೀರ್ಯದಿಂದ ಆ ಬಳೆ ಮಾಡಿಕೊಂಡು ಬಂದೆ. ಸರೋಜ ಅದನ್ನು ತಿರುಗಿಸಿ ನೋಡಿ, "ಇಪ್ಪತ್ತೈದ್ ವರ್ಷದಿಂದ ಕೇಳ್ತಾ ಇವ್ನಿ, ಒಂದ್ ತುರಿಯೋ ಮಣೆ ಸಾಣೆ ಹಿಡಿಸ್ಕೊಂಡ್ ಬರ್ಲಿಲ್ಲ. ಮಾರಣ್ಣ ಕೇಳಿದ್ ಮಾರ್ನೆ ದಿನಕ್ಕೆ ಒಡವೆನೇ ಬಂತು" ಎಂದಳು. ಮಾತು ತಮಾಷೆಯದ್ದೇ. ತುರಿಯುವ ಮಣೆ ಹಾಗೇ ಉಳಿಯಿತು.

ಭಾನುವಾರ ಅವನು ಒಂದು ಲೀಟರ್ ಒಳ್ಳೆಯ ಹಾಲಿಗೆ ನಿಂಬೆಹಣ್ಣು ಹಿಂಡಿದಾಗ ಸರೋಜ ಎದೆಯ ಮೇಲೆ ಕೈಯಿಟ್ಟುಕೊಂಡಳು. ಬೇಕೆಂದೇ ಹಾಲು ಒಡೆಯುವವರನ್ನು ಅವಳು ಕಂಡಿರಲಿಲ್ಲ. ದೇವರ ಪಟದ ಕಡೆ ಒಂದು ಸಲ ನೋಡಿದಳು. ಅವನು ಮಡಚಿದ ಕಡುಬುಗಳಲ್ಲಿ ಎರಡು ನೀರಿನಲ್ಲಿ ಬಾಯಿಬಿಟ್ಟವು. ಅವಳು ಮುಂದೆ ಬಂದು ಕರ್ಜಿಕಾಯಿಯ ಅಂಚು ಮುರಿಯುವ ಹಾಗೆ ಬೆರಳಲ್ಲಿ ನಿರಿಗೆ ಹಿಡಿದು ತೋರಿಸಿದಳು. ಅವು ಒಂದೂ ಒಡೆಯಲಿಲ್ಲ. ಮಾರೆಕ್ ಎರಡೂ ಕೈ ಮುಗಿದ.

ಆಮೇಲೆ ಅವನು ಒಂದು ಕುರ್ಚಿ ಎಳೆದು ಸರೋಜಳಿಗೆ ಕೂರಲು ಹೇಳಿದ. ಅವಳು ನನ್ನ ಮುಖ ನೋಡಿದಳು. "ಕೂತ್ಕೋ, ಕೂತ್ಕೋ" ಎಂದೆ, ದೊಡ್ಡ ಉಪಕಾರ ಮಾಡಿದವನಂತೆ. ಉಪ್ಪಿನಕಾಯಿ ತರುತ್ತೇನೆ ಎಂದು ಎದ್ದಳು, ಅವನು ಕೂರಿಸಿದ. ಒಲೆ ಆರಿಸಿದೆನೋ ಇಲ್ಲವೋ ಎಂದು ಎದ್ದಳು, ಮತ್ತೆ ಕೂರಿಸಿ ತಾನೇ ಹೋಗಿ ನೋಡಿ ಬಂದ. "ಅಕ್ಕ, ಸಾಕು" ಎಂದ. ಅವನಿಗೆ ಬರುತ್ತಿದ್ದ ಕನ್ನಡದಲ್ಲಿ ಅರ್ಧ ಅದೇ. ತುಪ್ಪದಲ್ಲಿ ಕಂದಗೆ ಹುರಿದ ಈರುಳ್ಳಿಯನ್ನು ಮೇಲೆ ಸುರಿದು ಮೊದಲ ತಟ್ಟೆಯನ್ನು ಅವಳ ಮುಂದಿಟ್ಟ. ನನಗೆ ಎರಡನೆಯದು. ನಾನು ತಿಂದು ನೋಡಿ, ಸಪ್ಪೆಯೆನ್ನಿಸಿ, ಮೇಲೆ ಖಾರದ ಪುಡಿ ಉದುರಿಸಿಕೊಂಡೆ. ಅಜ್ಜಿಯ ಕಡುಬಿಗೆ ನಾನು ಮಾಡಿದ ಮರ್ಯಾದೆ ಅದು. ಸರೋಜ ತಲೆಯೆತ್ತದೆ ನಿಧಾನವಾಗಿ ತಿಂದಳು. ಮತ್ತೆ ಹಾಕಿಸಿಕೊಂಡಳು. ನಾವಿಬ್ಬರೂ ಎದುರುಬದುರು ಕೂತು ಉಂಡದ್ದು ಅದೊಂದೇ ಸಲ. ಮದುವೆಯ ದಿನದ್ದನ್ನು ಬಿಟ್ಟರೆ.

ಸ್ಟೂಲಿನಿಂದ ಇಳಿದು ಅಕ್ಕನ ಮುಂದೆ ಬಳೆ ಇಟ್ಟೆ. ಸರೋಜಳಿಗೆ ಇಷ್ಟವಾದದ್ದು ಒಂದಿದೆ, ಅದನ್ನೇ ಎಡೆಗೆ ಇಡೋಣ ಎಂದೆ. ಏನು ಎತ್ತ ಎಂದು ವಿವರಿಸಿದೆ.

"ಎಸ್ರೇ ನಾಲಿಗೆ ಮೇಲ್ ನಿಲ್ಲಲ್ವಲ್ಲೋ," ಎಂದಳು ಅಕ್ಕ. "ಎಡೇಲಿ ಅಪ್ಪನೂ ಇರ್ತಾನೆ, ಅವ್ವನೂ ಇರ್ತಾಳೆ. ಇದೇನ್ ಇಟ್ಟವ್ರೆ ಅಂತ ಅವ್ರು ಕೇಳಲ್ವಾ?"

"ಕಡುಬು ಅಂದ್ಕೊಳ್ಳಿ ಬಿಡಕ್ಕ."

"ಯಾರ್ ಮಾಡೋರು? ನಂಗ್ ಬರಕಿಲ್ಲ."

"ನಾನೇ ಮಾಡ್ತೀನಿ."

ಅಕ್ಕ ನನ್ನನ್ನು ಒಂದು ಗಳಿಗೆ ನೋಡಿದಳು. ಒಗ್ಗರಣೆಗೆ ರಾಗಿ ಹಾಕಿದ ಸುದ್ದಿ ಅವಳಿಗೂ ಮುಟ್ಟಿತ್ತು. "ಅಬ್ಬದ್ ಮನೇಲಿ ನಿಂಬೆಹಣ್ ಇಂಡಿ ಆಲು ಒಡೀಬ್ಯಾಡ. ಬೇಕಾದ್ರೆ ಮೊಸರು ಬಟ್ಟೇಲಿ ಕಟ್ಟಿ ನೇತಾಕು, ಗಟ್ಟಿಯಾಯ್ತದೆ" ಎಂದಳು. ಒಪ್ಪಿಗೆ ಎಂದು ತಿಳಿದುಕೊಂಡೆ.

ಹೂರಣದ ಹದ ನನಗೆ ನೆನಪಿರಲಿಲ್ಲ. ಮಾರೆಕ್‌ನ ನಂಬರು ಮೊಬೈಲಿನಲ್ಲಿತ್ತು. ವರ್ಷಕ್ಕೊಮ್ಮೆ ಹೊಸ ವರ್ಷದ ಶುಭಾಶಯ ಬಿಟ್ಟರೆ ಬೇರೆ ಮಾತಿರಲಿಲ್ಲ. ಸರೋಜ ಹೋದದ್ದನ್ನು ಅವನಿಗೆ ತಿಳಿಸಿರಲಿಲ್ಲ. ತಿಳಿಸಬೇಕು ಅನ್ನಿಸಿರಲೂ ಇಲ್ಲ. ಹಾಗಾಗಿ ಮೊದಲು ಆ ಸುದ್ದಿ ಬರೆದು, ಆಮೇಲೆ ಹಬ್ಬದ ಕ್ರಮ ಬರೆದು, ಕೊನೆಗೆ ಕಡುಬಿನ ಅಳತೆ ಕೇಳಿದೆ. ಇಷ್ಟನ್ನು ನನ್ನ ಇಂಗ್ಲಿಷಿನಲ್ಲಿ ಬರೆಯಲು ಒಂದು ಗಂಟೆ ಹಿಡಿಯಿತು.

ಮರುದಿನ ಬೆಳಿಗ್ಗೆ ಅವನ ದನಿಯಲ್ಲೇ ಉತ್ತರ ಬಂದಿತ್ತು. ಮೊದಲು "ಅಕ್ಕ" ಎಂದ. ಇನ್ನೊಂದು ಸಲ "ಅಕ್ಕ" ಎಂದ. ಆಮೇಲೆ ಅಡುಗೆ ಹೇಳಿದ. ಅಳತೆ ತನಗೂ ಗೊತ್ತಿಲ್ಲ, ಹಿಟ್ಟು ಕಿವಿಯ ಹಾಲೆಯಷ್ಟು ಮೆತ್ತಗಾಗುವವರೆಗೆ ನಾದಬೇಕು ಎಂದು ಅಜ್ಜಿ ಹೇಳುತ್ತಿದ್ದಳು ಎಂದ. ಅಂಚನ್ನು ಮಾತ್ರ ಅಕ್ಕ ತೋರಿಸಿದ ಹಾಗೆ ಹಿಡಿ ಎಂದ. ಆ ದಿನ ಅವಳು ಹನ್ನೊಂದು ತಿಂದಳು, ನಾನು ಎಣಿಸಿದ್ದೆ, ನಮ್ಮಲ್ಲಿ ಅಡುಗೆ ಮಾಡಿದವರು ಎಣಿಸುತ್ತಾರೆ ಎಂದ. ಅಷ್ಟು ಹೇಳಿ, ಇನ್ನೊಂದು ಮಾತು ಹೇಳಿದ.

ಒಂದು ದಿನ ಕಾರ್ಖಾನೆಯಲ್ಲಿ ಕರೆಂಟು ಹೋಗಿ ಅವನು ಮಧ್ಯಾಹ್ನವೇ ರೂಮಿಗೆ ಬಂದನಂತೆ. ಹಿತ್ತಿಲ ಮೆಟ್ಟಿಲ ಮೇಲೆ ಸರೋಜ ಕೂತು ಉಣ್ಣುತ್ತಿದ್ದಳು. ಪಕ್ಕದಲ್ಲಿ ಅವನಿಗೆಂದು ಖಾರವಿಲ್ಲದೆ ತೆಗೆದಿಟ್ಟಿದ್ದ ಚಿಕ್ಕ ಪಾತ್ರೆ. ಅವನನ್ನು ಕಂಡು ಗಾಬರಿಯಾಗಿ ಎದ್ದಳಂತೆ. ಆಮೇಲೆ ನಗುತ್ತ ನಾಲಿಗೆ ತೋರಿಸಿ, ಕೈಯಿಂದ ಗಾಳಿ ಹಾಕಿಕೊಳ್ಳುವಂತೆ ಮಾಡಿ, ದೊಡ್ಡ ಸಾರಿನ ಪಾತ್ರೆಯ ಕಡೆ ಬೆರಳು ಮಾಡಿ, ಬೇಡ ಎಂದು ತಲೆಯಾಡಿಸಿದಳಂತೆ. ಒಳಗಿನ ನನ್ನ ಕುರ್ಚಿಯನ್ನು ತೋರಿಸಿ ತುಟಿಯ ಮೇಲೆ ಬೆರಳಿಟ್ಟಳಂತೆ. ಅವತ್ತಿನಿಂದ ಅವನು ತನ್ನ ಪಾಲಿನಲ್ಲಿ ಬೇಕೆಂದೇ ಅರ್ಧ ಉಳಿಸಿ ಕೆಳಗೆ ಕಳಿಸುತ್ತಿದ್ದನಂತೆ. ಹೇಳಬೇಡ ಎಂದಿದ್ದಳು, ಈಗ ಹೇಳಬಹುದು ಅಂದುಕೊಂಡಿದ್ದೇನೆ, ಆ ಸಾರನ್ನೂ ಇಡು ಎಂದು ಮಾತು ಮುಗಿಸಿದ.

ನಾನು ಅದನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಕೇಳುತ್ತ ಕೇಳುತ್ತ, ಪೂರ್ತಿ ಮರೆತೇ ಹೋಗಿದ್ದ ಒಂದು ದಿನ ಎದ್ದು ಬಂತು. ಮದುವೆಯಾದ ಹೊಸತು. ಅವಳು ತವರಿನಲ್ಲಿ ಕಲಿತ ಹಾಗೆ ಸಾರು ಮಾಡಿ ಬಡಿಸಿದ್ದಳು. ನಾನು ಒಂದು ತುತ್ತು ತಿಂದು, "ಇದೇನ್ ಆಸ್ಪತ್ರೆ ಸಾರಾ?" ಎಂದು ತಟ್ಟೆ ತಳ್ಳಿದ್ದೆ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋಗಿ, ಸಾರಿಗೆ ಖಾರ ಬೆರೆಸಿ, ಇನ್ನೊಂದು ಸಲ ಕುದಿಸಿ ತಂದಳು. ಇಷ್ಟೇ ನಡೆದದ್ದು. ಹೊಡೆದಿರಲಿಲ್ಲ, ಬೈದಿರಲಿಲ್ಲ, ಮೂರು ಮಾತು. ಆ ಮೂರು ಮಾತಿಗೆ ಅವಳು ಮೂವತ್ತೆರಡು ವರ್ಷ ಬಾಯಿ ಸುಟ್ಟುಕೊಂಡು ಉಂಡಳು. ನಡುವೆ ನಾಲ್ಕು ತಿಂಗಳು, ಯಾವುದೋ ದೂರದ ದೇಶದಿಂದ ಬಂದವನ ನೆಪದಲ್ಲಿ, ತನಗೆ ಬೇಕಾದ್ದನ್ನು ಕದ್ದು ತಿಂದಳು. ನನಗೆ ನಾಚಿಕೆಯಾಯಿತು. ದುಃಖವಾಯಿತು ಎಂದು ಬರೆಯಬಹುದಿತ್ತು, ಆದರೆ ದುಃಖ ಮಾಘದಿಂದಲೂ ಇತ್ತು. ಇದು ಬೇರೆ.

ಅಕ್ಕನಿಗೆ ಹೇಳಿದೆ. ಅವಳು ಅವರೆಕಾಳು ಆರಿಸುತ್ತಿದ್ದಳು. ತಲೆಯೆತ್ತಲಿಲ್ಲ.

"ಖಾರ ಇಲ್ದಿರೋ ಸಾರು ಬೇರೆ ಮಾಡ್ತೀನಿ ಬುಡು," ಎಂದಳು. "ಅಪ್ಪಂದು ಅವನ್ ಖಾರದಲ್ಲೇ ಇರ್ಲಿ."

ಸ್ವಲ್ಪ ಹೊತ್ತು ಕಾಳು ಆರಿಸಿ, "ಅವ್ವನೂ ಖಾರ ತಿನ್ನೋಳಲ್ಲ ಕಣ್ಲಾ. ಅಪ್ಪ ಎದ್ದೋದ್ ಮ್ಯಾಲೆ ಅನ್ನಕ್ಕೆ ಮಜ್ಜಿಗೆ ಉಯ್ಕೊಂಡ್ ಉಣ್ತಿದ್ಲು. ನಾನು ನೋಡ್ತಿದ್ದೆ. ಆದ್ರೂ ವರ್ಸಾ ವರ್ಸಾ ಅದೇ ಕೋಳಿ ಸಾರ್ನೇ ಇಬ್ರ ಎಲೆಗೂ ಬುಡ್ತಾ ಬಂದೆ" ಎಂದಳು. "ಈ ಸಲ ಅವ್ವಂಗೂ ಆ ಸಾರ್ನೇ ಬುಡ್ತೀನಿ."

ಅಮಾವಾಸ್ಯೆಯ ದಿನ ಬೆಳಿಗ್ಗೆ ಸ್ನಾನ ಮಾಡಿ ಒಲೆಯ ಮುಂದೆ ನಿಂತೆ. ಇಂಚಿನ ಸಾವಿರದಲ್ಲೊಂದು ಪಾಲು ಅಳತೆ ತಪ್ಪಿದರೆ ಕಡೆದ ತುಂಡನ್ನೇ ಸ್ಕ್ರ್ಯಾಪಿಗೆ ಹಾಕುತ್ತಿದ್ದವನು ನಾನು. ಇಲ್ಲಿ ಉಪ್ಪು ಎಷ್ಟಾಗಿದೆ ಎಂದು ನಾಲಿಗೆಗೆ ಹಚ್ಚಿ ನೋಡುವಂತಿಲ್ಲ. ಹಿಟ್ಟು ನಾದುತ್ತ ನಾದುತ್ತ ಮಧ್ಯೆ ಮಧ್ಯೆ ಕಿವಿಯ ಹಾಲೆ ಮುಟ್ಟಿ ನೋಡಿಕೊಂಡೆ. ಕಿವಿಗೆಲ್ಲ ಮೈದಾ. ಅಕ್ಕ ನೋಡಿದಳು, ಅವರೆಕಾಳು ಹುರಿಯುವುದನ್ನು ಮುಂದುವರಿಸಿದಳು. ಬಳೆ ಅದರ ಕೆಲಸ ಚೆನ್ನಾಗಿಯೇ ಮಾಡಿತು. ಮೂವತ್ತು ಹಾಳೆಗಳು ಒಂದರಂತೆ ಒಂದು ಬಂದವು. ಅಂಚು ಹಿಡಿಯುವುದು ಬಳೆಯ ಕೆಲಸವಲ್ಲ. ನನ್ನ ಬೆರಳುಗಳಿಗೆ ಕಬ್ಬಿಣದ ರೂಢಿಯೇ ಹೊರತು ಹಿಟ್ಟಿನದ್ದಲ್ಲ. ಅವಳು ಹೇಗೆ ನಿರಿಗೆ ಹಿಡಿದಳು, ಹೆಬ್ಬೆರಳು ಒಳಗಿತ್ತೋ ಹೊರಗಿತ್ತೋ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಪಕ್ಕದಲ್ಲೇ ನಿಂತಿದ್ದೆ ಅವತ್ತು. ನೋಡಿರಲಿಲ್ಲ.

ಒಂದೊಂದಾಗಿ ಕುದಿಯುವ ನೀರಿಗೆ ಬಿಟ್ಟೆ. ಒಡೆದವು, ಬಾಯಿಬಿಟ್ಟವು, ಹೂರಣವೆಲ್ಲ ನೀರಿಗೆ ಹೋಗಿ ಬರೀ ಹಾಳೆ ತೇಲಿತು. ಹನ್ನೊಂದು ಉಳಿದರೆ ಸಾಕು ಎಂದು ಮನಸ್ಸಿನಲ್ಲಿ ಹರಕೆಯಂತೆ ಹೇಳಿಕೊಳ್ಳುತ್ತಿದ್ದೆ. ಹದಿನಾಲ್ಕು ಉಳಿದವು. ಸೊಟ್ಟಪಟ್ಟವನ್ನು ಪಕ್ಕಕ್ಕಿಟ್ಟು ಹನ್ನೊಂದನ್ನು ಅವಳ ಎಲೆಯ ಮೇಲೆ ಜೋಡಿಸಿದೆ. ತುಪ್ಪದಲ್ಲಿ ಕಂದಗೆ ಹುರಿದ ಈರುಳ್ಳಿ ಸುರಿದೆ. ಅಕ್ಕ ಎರಡು ಎಲೆಗಳಿಗೆ ಖಾರವಿಲ್ಲದ ಸಾರು ಬಿಟ್ಟಳು. ಅಪ್ಪನ ಎಲೆಯ ಬಳಿ ಬ್ರಾಂದಿ, ಬೀಡಿ. ಸರೋಜಳ ಎಲೆಯ ಬಳಿ ಅವಳಿಗೆಂದು ತಂದ ಹಸಿರು ಸೀರೆ. ಆ ಬಣ್ಣವೂ ನನ್ನ ಊಹೆಯೇ.

ಧೂಪ ಹಾಕಿ, ಕೈಮುಗಿದು, ಇಬ್ಬರೂ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು. ಅಕ್ಕ ಜಗುಲಿಯ ಮೇಲೆ ಕೂತಳು. ನಾನು ಬಾಗಿಲ ಪಕ್ಕದಲ್ಲೇ ನಿಂತೆ. ಎದುರಿನ ರಸ್ತೆಯಲ್ಲಿ ಎರಡನೆಯ ಶಿಫ್ಟಿನವರ ಬಸ್ಸು ಹೋಯಿತು. ಐದು ನಿಮಿಷ ಬಿಡುವುದು ನಮ್ಮ ವಾಡಿಕೆ. ಐದಾಯಿತು, ಹತ್ತಾಯಿತು. ಅಕ್ಕ ಸೊಂಟ ಹಿಡಿದುಕೊಂಡು ಎದ್ದು, ಕೆಮ್ಮಿ ಬಾಗಿಲು ತೆಗೆಯಲು ಬಂದಳು.

"ಇನ್ನೊಂಚೂರು ಇರಕ್ಕ," ಎಂದೆ.

"ಇನ್ನೆಷ್ಟೊತ್ಲಾ? ಉಣ್ಣೋರು ಉಂಡಿರ್ತಾರೆ."

"ಅಪ್ಪ ಉಂಡಿರ್ತಾನೆ. ಇವ್ರಿಬ್ರೂ ಈಗ ಕೂತಿರ್ತಾರೆ."

ಅಕ್ಕ ನನ್ನ ಮುಖ ನೋಡಿದಳು. ಹಿಂದಕ್ಕೆ ಹೋಗಿ ಜಗುಲಿಯ ಮೇಲೆ ಮತ್ತೆ ಕೂತು, ಸೆರಗಿನಿಂದ ಕಣ್ಣೊತ್ತಿಕೊಂಡಳು.

ಬೆಳಗಿನಿಂದ ಒಲೆಯ ಮುಂದೆ ನಿಂತು ನನ್ನ ಗಂಟಲು ಒಣಗಿತ್ತು. ನೀರು ಒಳಗಿತ್ತು. ನಾನು ಕರೆಯಲಿಲ್ಲ.